ಅತ್ತಿಗೆಯ ಬಾಯಲ್ಲಿದ್ದ ಉತ್ತರ

ನಮ್ಮೂರಿನಲ್ಲಿ ಕ್ರೈಸ್ತ ಜ್ಞಾನೋಪದೇಶದ ಪ್ರಶ್ನೋತ್ತರಗಳಲ್ಲಿ ಒಂದೊಂದು ಉತ್ತರವೂ ಒಬ್ಬೊಬ್ಬರ ಬಾಯಲ್ಲಿ ಮಾತ್ರ ಇರುತ್ತದೆ. ಪ್ರಶ್ನೆಗಳಿಗೆ ಆ ಕಟ್ಟುಪಾಡಿಲ್ಲ. ಅವು ಎಲ್ಲರಿಗೂ ಗೊತ್ತು, ಅಂಗಳದಲ್ಲಿ ಕುಂಟೆಬಿಲ್ಲೆ ಆಡುವ ಮಕ್ಕಳು ಅವನ್ನೇ ಹಾಡಿಕೊಂಡು ಕುಣಿಯುತ್ತವೆ. ಉತ್ತರ ಹಾಗಲ್ಲ. ಒಬ್ಬರು ಇನ್ನೊಬ್ಬರಿಗೆ ಕಲಿಸಿ, ಕಲಿತವರು ತಡವರಿಸದೆ ಒಪ್ಪಿಸಿದರೆಂದರೆ ಕಲಿಸಿದವರ ಬಾಯಿಂದ ಅದು ಹೋಯಿತು. ಆಮೇಲೆ ಅವರು ಅದನ್ನು ಕೇಳಿ ತಲೆದೂಗಬಹುದು, ಅದರ ತಾತ್ಪರ್ಯವನ್ನು ತಮಗೆ ತೋಚಿದ ಹಾಗೆ ಹೇಳಲೂಬಹುದು. ಆ ಮಾತುಗಳು ಮಾತ್ರ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಹೊರಗಿನಿಂದ ಬಂದ ಫಾದರ್ ಒಬ್ಬರು ಒಮ್ಮೆ ಅಚ್ಚಾದ ಪುಸ್ತಕಗಳನ್ನು ಪೆಟ್ಟಿಗೆ ತುಂಬ ತರಿಸಿದ್ದರಂತೆ. ಪೆಟ್ಟಿಗೆ ತೆಗೆದಾಗ ಪ್ರಶ್ನೆಗಳಿದ್ದವು, ಅವುಗಳ ಕೆಳಗೆ ಬರಿ ಬಿಳಿಯ ಜಾಗ. ಆ ಪುಸ್ತಕಗಳ ಹಾಳೆಯಲ್ಲಿ ನಮ್ಮ ಅಂಗಡಿಯವರು ಬಹಳ ಕಾಲ ಮೆಣಸು ಜೀರಿಗೆ ಕಟ್ಟಿಕೊಟ್ಟರು.

ಊರು ಇದಕ್ಕೆ ಹೊಂದಿಕೊಂಡೇ ಬದುಕುತ್ತಿದೆ. ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂತರೆ ವಿವಾಹ ಸಂಸ್ಕಾರದ ಉತ್ತರವಿರುವ ಜಪಮಾಲಮ್ಮನನ್ನು ಕರೆಸುತ್ತಾರೆ. ಅವಳು ಬಂದು, ಕಾಫಿ ಕುಡಿದು, ಉತ್ತರ ಹೇಳಿ ಹೋಗುತ್ತಾಳೆ. ಅವಳು ಮದುವೆಯಾದವಳಲ್ಲ ಎಂಬುದನ್ನು ಯಾರೂ ಎತ್ತುವುದಿಲ್ಲ. ಕದಿಯಬಾರದೇಕೆ ಎಂಬುದರ ಉತ್ತರ ರಾಯಪ್ಪನ ಹತ್ತಿರ ಬಂದಾಗಿನಿಂದ ಅವನ ಕೇರಿಯವರು ಕೋಳಿಗಳನ್ನು ಹೊರಗೆ ಬಿಡಲು ಶುರು ಮಾಡಿದರು. ನನಗೆ ಬಂದದ್ದು ಉಪವಾಸದ ದಿನಗಳು ಯಾವುವು ಎಂಬ ಪ್ರಶ್ನೆಯ ಉತ್ತರ. ಪಾಸ್ಖ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಹತ್ತಿರ ಬಂದಾಗ ಹೆಂಗಸರು ನಮ್ಮ ಬಾಗಿಲಿಗೆ ಬಂದು ಕೇಳಿಕೊಂಡು ಹೋಗುತ್ತಾರೆ, ಉಳಿದ ವರ್ಷವೆಲ್ಲ ನನ್ನ ಉತ್ತರ ಯಾರಿಗೂ ಬೇಕಿಲ್ಲ.

ಯೇಸು ಮರಳಿ ಎದ್ದ ಪಾಸ್ಖ ಹಬ್ಬದ ಮರು ಭಾನುವಾರ ಪೂಜೆ ಮುಗಿದ ಮೇಲೆ ಇಡೀ ಜ್ಞಾನೋಪದೇಶವನ್ನು ದೇವಾಲಯದಲ್ಲಿ ಒಪ್ಪಿಸುತ್ತೇವೆ. ಉಪದೇಶಿ ಇನ್ನಾಸಪ್ಪನವರು ಪೀಠದ ಮುಂದೆ ನಿಂತು ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಉತ್ತರವಿದ್ದವರು ಕೂತ ಕಡೆಯೇ ಎದ್ದು ಹೇಳುತ್ತಾರೆ. ದೇವದೂತರ ಬಗ್ಗೆ ಒಂದು ಪ್ರಶ್ನೆಯಿದೆ. ಅದರ ಉತ್ತರವಿದ್ದವನು ಕಲಿಸುವ ಮೊದಲೇ ಸುಣ್ಣದ ಗೂಡಿಗೆ ಬಿದ್ದು ತೀರಿಕೊಂಡ. ಆ ಪ್ರಶ್ನೆಯನ್ನು ಉಪದೇಶಿಗಳು ಈಗಲೂ ಕೇಳುತ್ತಾರೆ. ಕೇಳಿ, ಒಂದು ಉತ್ತರ ಹೇಳಲು ಹಿಡಿಯುವಷ್ಟು ಹೊತ್ತು ಕಾಯುತ್ತಾರೆ. ಆ ಹೊತ್ತಿನಲ್ಲಿ ಒಬ್ಬರೂ ಕೆಮ್ಮುವುದಿಲ್ಲ, ಎಳೆಗೂಸುಗಳ ಬಾಯಿಗೆ ತಾಯಂದಿರು ಮೊಲೆ ಕೊಡುತ್ತಾರೆ. ಆಮೇಲೆ ಮುಂದಿನ ಪ್ರಶ್ನೆ.

ಸತ್ತವರು ಏನಾಗುತ್ತಾರೆ ಎಂಬ ಪ್ರಶ್ನೆಯ ಉತ್ತರ ನಮ್ಮ ಮನೆಯಲ್ಲಿತ್ತು. ಮೊದಲು ನಮ್ಮವ್ವನಲ್ಲಿ, ಅವಳಿಂದ ನಮ್ಮ ಅತ್ತಿಗೆ ಮದಲೇನಮ್ಮನಲ್ಲಿ.

ಅವ್ವ ಹಾಸಿಗೆ ಹಿಡಿದಾಗ ಅದು ನನಗೇ ಬರುತ್ತದೆ ಎಂದುಕೊಂಡಿದ್ದೆ. ನಾನು ಹೆತ್ತ ಮಗಳು, ಗಂಡನ ಮನೆಗೆ ಹೋಗದೆ ಅವಳ ಜೊತೆಗೇ ಉಳಿದವಳು. ಆದರೆ ಅದೇ ವರ್ಷ ಅತ್ತಿಗೆಯ ಒಬ್ಬನೇ ಮಗ ದಾವೀದ ಸುಣ್ಣ ಸುಡಲು ಚಿಪ್ಪು ತರುವ ದೋಣಿಯಲ್ಲಿ ಹಿನ್ನೀರಿಗೆ ಹೋದವನು ಮರಳಲಿಲ್ಲ. ದೋಣಿ ಮಗುಚಿಕೊಂಡು ಸಿಕ್ಕಿತು, ಅವನು ಸಿಗಲಿಲ್ಲ. ಅತ್ತಿಗೆ ಒಂದು ತುತ್ತು ಅನ್ನ ನುಂಗಲಾರದೆ ಗೋಡೆಗೆ ಒರಗಿ ಕೂತುಬಿಟ್ಟಳು. ಅವ್ವ ನನ್ನ ಕಡೆ ನೋಡಿದಳು, ಅವಳ ಕಡೆ ನೋಡಿದಳು, "ಮದಲೇನ, ಬಾ ಇಲ್ಲಿ" ಎಂದು ಕರೆದಳು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಬಾಗಿಲ ಆಚೆ ನಿಂತು ಅವ್ವನ ದನಿ ಒಂದೊಂದೇ ಮಾತನ್ನು ಎತ್ತಿ ಕೊಡುವುದನ್ನೂ ಅತ್ತಿಗೆಯ ಒಣಗಿದ ದನಿ ಅದನ್ನು ತೆಗೆದುಕೊಳ್ಳುವುದನ್ನೂ ಕೇಳಿದೆ. ಅಂದು ಸಂಜೆ ಅತ್ತಿಗೆ ಎದ್ದು ಒಲೆ ಹಚ್ಚಿದಳು.

ಆ ಉತ್ತರದಲ್ಲಿ ಏನಿದೆ ಎಂಬುದನ್ನು ನನ್ನ ಮಾತಿನಲ್ಲಿ ಹೇಳಬಲ್ಲೆ. ಸತ್ತವರು ದೇವರ ಕೈಯಿಂದ ಜಾರಿಹೋದವರಲ್ಲ, ಕಡೆಯ ದಿನ ಅವರವರ ಹೆಸರು ಹಿಡಿದು ದೇವರು ಕರೆಯುತ್ತಾನೆ, ಅವರು ತಮ್ಮ ಮೈಯಲ್ಲೇ ಎದ್ದು ಬರುತ್ತಾರೆ. ನಾವು ಅವರ ಗುರುತು ಹಿಡಿಯುತ್ತೇವೆ, ಅವರೂ ನಮ್ಮ ಗುರುತು ಹಿಡಿಯುತ್ತಾರೆ. ಹೀಗೆ ಹೇಳಿದರೆ ಚಪ್ಪೆ. ಆ ಮಾತುಗಳು ಕೂತ ರೀತಿಯೇ ಬೇರೆ, ಅವುಗಳಿಗೊಂದು ನಡಿಗೆಯಿತ್ತು. ಅತ್ತಿಗೆ ಸುಣ್ಣ ಜರಡಿ ಹಿಡಿಯುವಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೊಳಗೇ ಅದನ್ನು ಹೇಳಿಕೊಳ್ಳುತ್ತಿದ್ದಳು. ಬಟ್ಟೆ ಅಲ್ಲಾಡುವುದು ನನಗೆ ಕಾಣುತ್ತಿತ್ತು. ನೀರು ಸೇದುವಾಗ, ಅಕ್ಕಿ ಆರಿಸುವಾಗ, ತಲೆ ಬಾಚಿಕೊಳ್ಳುವಾಗ ಅದೇ. ಬೇರೆ ಹೆಂಗಸರಿಗೆ ಸತ್ತ ಮಗನ ಸಮಾಧಿ ಇರುತ್ತದೆ, ಹೂ ಇಡಬಹುದು. ಅತ್ತಿಗೆಗೆ ಇದ್ದದ್ದು ಇದೊಂದು ಉತ್ತರ.

ಊರಿನಲ್ಲಿ ಯಾರಾದರೂ ಕಡೆಯುಸಿರು ಎಳೆಯುವ ಹೊತ್ತಿಗೆ ಫಾದರ್‌ಗೆ ಹೇಳಿಕಳಿಸಿದ ಹಾಗೆಯೇ ಅತ್ತಿಗೆಗೂ ಹೇಳಿಕಳಿಸುತ್ತಿದ್ದರು. ಅವಳು ಮುಖ ತೊಳೆದು, ಸೆರಗು ಹೊದ್ದು ಹೋಗುವಳು. ಮಂಚದ ಪಕ್ಕ ಕೂತು ಉತ್ತರ ಹೇಳುವಳು. ನಮ್ಮಣ್ಣ, ಅವಳ ಗಂಡ ಜೋಜಪ್ಪ, ತೀರಿಕೊಂಡಾಗಲೂ ಅವಳೇ ಹೇಳಿದಳು. ಅಲ್ಲಿಂದ ಮನೆಯಲ್ಲಿ ನಾವಿಬ್ಬರೇ.

ಪ್ರತಿ ತಪಸ್ಸು ಕಾಲದಲ್ಲಿ ಉಪದೇಶಿಗಳು ಹೊಸದಾಗಿ ಪರಮಪ್ರಸಾದ ತೆಗೆದುಕೊಳ್ಳುವ ಮಕ್ಕಳಿಗೆ ಉತ್ತರ ಹಂಚುತ್ತಾರೆ. ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೆ, ಯಾರ ಬಾಯಿಂದ ಯಾರಿಗೆ ಹೋಗಬೇಕು ಎಂಬುದೆಲ್ಲ ಅವರ ತಲೆಯಲ್ಲೇ ಇರುತ್ತದೆ. ಅತ್ತಿಗೆಯ ಹತ್ತಿರ ಬಂದಾಗಲೆಲ್ಲ ಅವಳು "ಬರೋ ವರ್ಷ ನೋಡೋವಾ" ಎನ್ನುತ್ತಿದ್ದಳು. ಕೆಲವು ವರ್ಷ ಅವರೂ ಒತ್ತಾಯ ಮಾಡಲಿಲ್ಲ. ಆದರೆ ಈಚೆಗೆ ಅತ್ತಿಗೆಗೆ ಸುಣ್ಣದ ಕೆಮ್ಮು ಹತ್ತಿತ್ತು. ಒಂದು ದಿನ ಗೂಡಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದಳು. ಸುದ್ದಿ ಊರೆಲ್ಲ ಹರಡಿತು. ಅವಳು ಬಿದ್ದಳೆಂಬ ಮರುಕ ಇರಲಿಲ್ಲವೆಂದಲ್ಲ, ಆದರೆ ಬಂದವರೆಲ್ಲ ಅವಳ ಕೈಕಾಲು ನೋಡುವ ಮೊದಲು ಬಾಯಿ ನೋಡಿದರು.

ಆ ವರ್ಷ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಕಳೆದ ಮೇಲೆ ಉಪದೇಶಿಗಳು ಒಂದು ಹುಡುಗಿಯನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬಂದರು. ಹೆಸರು ಜಸಿಂತ. ದೋಣಿಗಟ್ಟೆಯ ಹತ್ತಿರ ಸುಣ್ಣದ ಚೀಲ ಹೊಲಿಯುತ್ತಿದ್ದ ಸೆಲೀನಳ ಮಗಳು. ತಂದೆ ಇರಲಿಲ್ಲ. ಸೆಲೀನ ಚಳಿಗಾಲದಿಂದಲೂ ಮಲಗಿದ್ದಳು, ಮತ್ತೆ ಏಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಹುಡುಗಿ ಹೊಸ್ತಿಲ ಹತ್ತಿರ ನಿಂತು ನಮ್ಮಿಬ್ಬರನ್ನೂ ನೇರವಾಗಿ ನೋಡಿದಳು.

"ಈ ಮಗೀಗೆ ಬೇರೆ ಉತ್ತರ ಇಟ್ಟಿದ್ದೆ ಮದಲೇನಮ್ಮ," ಎಂದರು ಉಪದೇಶಿಗಳು. "ಬೇಡ ಅಂತಾಳೆ. ಸತ್ತೋರ್ದೇ ಬೇಕಂತೆ."

"ಯಾಕೆ ಕೂಸೇ?" ಎಂದಳು ಅತ್ತಿಗೆ.

"ನಮ್ಮವ್ವನಿಗೆ ಹೇಳ್ಬೇಕು," ಎಂದಳು ಹುಡುಗಿ.

ಅತ್ತಿಗೆ ಆರಿಸುತ್ತಿದ್ದ ಅಕ್ಕಿಯನ್ನು ಮೊರದ ಅಂಚಿಗೆ ಸರಿಸಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು, "ನಿಮ್ಮವ್ವನಿಗೆ ನಾನೇ ಬಂದು ಹೇಳ್ತೀನಿ. ದಿನಾ ಬತ್ತೀನಿ. ಒಂದು ದಿನಾನೂ ತಪ್ಸಕ್ಕಿಲ್ಲ" ಎಂದಳು.

"ನೀವು ಬಂದು ಹೋಗ್ತೀರಿ ದೊಡ್ಡವ್ವ. ಆಮೇಲೆ?"

"ಆಮೇಲೇನು?"

ಹುಡುಗಿ ಉಪದೇಶಿಗಳ ಕಡೆ ನೋಡಿದಳು. ಉಪದೇಶಿಗಳು ಕತ್ತು ಬಗ್ಗಿಸಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತ, "ನಿಮಗೂ ವಯಸ್ಸಾಗ್ತಾ ಬಂತು. ದೇವದೂತರ ಪ್ರಶ್ನೆ ಕೇಳಿದಾಗೆಲ್ಲ ನನ್ನ ಎದೆ ಝಲ್ ಅಂತದೆ. ಇದೂ ಹಂಗಾಗಿಬಿಟ್ರೆ, ನಾಳೆ ಸಾಯೋರಿಗೆ ನಾವು ಏನು ಹೇಳೋದು?" ಎಂದರು.

"ನಾನಿನ್ನೂ ಸತ್ತಿಲ್ಲ ಉಪದೇಶಿಗಳೇ," ಎಂದು ಅತ್ತಿಗೆ ಒಳಗೆ ಎದ್ದು ಹೋದಳು.

ಆದರೆ ಆಡಿದ ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನದಿಂದಲೇ ಕೆಲಸ ಬಿಟ್ಟೊಡನೆ ಸೆಲೀನಳ ಮನೆಗೆ ಹೋಗತೊಡಗಿದಳು. ಬಿದ್ದ ಮೇಲೆ ಅವಳನ್ನು ಒಂಟಿಯಾಗಿ ಬಿಡಲು ನನಗೆ ಧೈರ್ಯವಿಲ್ಲದೆ ನಾನೂ ಹೋಗುತ್ತಿದ್ದೆ. ಒಂದೇ ಕೋಣೆಯ ಮನೆ. ಮೂಲೆಯಲ್ಲಿ ಹೊಲಿಯದೆ ಉಳಿದ ಗೋಣಿಯ ರಾಶಿ. ಅದರ ಮೇಲೆ ಜಸಿಂತ ಕೂರುತ್ತಿದ್ದಳು. ಅತ್ತಿಗೆ ಸೆಲೀನಳ ಕೈ ಹಿಡಿದುಕೊಂಡು ಉತ್ತರ ಹೇಳುತ್ತಿದ್ದಳು. ದನಿ ಎಲ್ಲೂ ಎಡವುತ್ತಿರಲಿಲ್ಲ. ಆ ಮಾತುಗಳು ಮುಗಿದ ಮೇಲೆ ಕೋಣೆಯಲ್ಲಿ ಗಾಳಿ ಸ್ವಲ್ಪ ಹಗುರವಾದ ಹಾಗೆ ನನಗೆ ಅನ್ನಿಸುತ್ತಿತ್ತು. ಸೆಲೀನ "ದೇವರು ಒಳ್ಳೇದು ಮಾಡ್ಲಿ ಅಕ್ಕ" ಎನ್ನುವಳು. ಹುಡುಗಿ ಒಮ್ಮೆಯೂ ಕಲಿಸಿ ಎಂದು ಕೇಳಲಿಲ್ಲ. ಅವಳ ತುಟಿ ಮಾತ್ರ ಅತ್ತಿಗೆಯ ಮಾತಿನ ಹಿಂದೆ ಹಿಂದೆ ಅಲ್ಲಾಡುತ್ತಿತ್ತು. ಆದರೆ ಕೊಡದ ಉತ್ತರ ಯಾರಿಗೂ ಬರುವುದಿಲ್ಲವಲ್ಲ. ನಾವು ಹೊಸ್ತಿಲು ದಾಟುವ ಹೊತ್ತಿಗೆ ಅವಳ ಮುಖ ಮತ್ತೆ ಖಾಲಿಯಾಗಿರುತ್ತಿತ್ತು.

ತಪಸ್ಸು ಕಾಲ ಅರ್ಧ ಕಳೆದಿರಬೇಕು. ಒಂದು ಸಂಜೆ ಅತ್ತಿಗೆ ಉತ್ತರ ಮುಗಿಸಿ ಏಳಲು ಹೋದಾಗ ಸೆಲೀನ ಅವಳ ಕೈ ಬಿಡಲಿಲ್ಲ. ಮಗಳನ್ನು ನೀರು ತರಲು ಕಳಿಸಿದಳು. ಆಮೇಲೆ ಉಸಿರು ಕೂಡಿಸಿಕೊಳ್ಳುತ್ತ ಹೇಳಿದಳು.

"ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಹೇಳೋದು ನನಗಲ್ಲ."

"ಹಂಗಂದ್ರೆ?"

"ನನ್ನ ಮುಖ ನೋಡ್ತಾ ಹೇಳ್ತೀರಿ. ಆದ್ರೆ ದಾವೀದನಿಗೆ ಹೇಳ್ತಾ ಇರ್ತೀರಿ. ನನಗೆ ಬೇಜಾರಿಲ್ಲ ಅಕ್ಕ. ಹೆತ್ತ ಕರುಳು, ಹಂಗೇಯ. ಆದ್ರೆ ನಾನೂ ಹೆತ್ತೋಳು. ನನ್ನ ಮಗಳು ನನಗೇ ಅಂತ ಹೇಳೋದನ್ನ ಒಂದು ಸಲ ಕೇಳ್ಬೇಕು ಅಂತ ಆಸೆ. ನಾನು ಹೋದ ಮೇಲೆ ಅವಳು ಏನನ್ನ ಹಿಡ್ಕೊಂಡು ಇರ್ಲಿ? ನಿಮಗೆ ನಿಮ್ಮತ್ತೆ ಕೊಟ್ರು. ಅವಳಿಗೆ ಯಾರು ಕೊಡ್ತಾರೆ?"

ಅತ್ತಿಗೆಯ ಮುಖ ಸುಣ್ಣದ ಹಾಗಾಯಿತು. ಕೈ ಬಿಡಿಸಿಕೊಂಡು ಹೊರಗೆ ಬಂದಳು. ದೋಣಿಗಟ್ಟೆಯಲ್ಲಿ ಡಾಂಬರು ಬಳಿಯಲು ಒಂದು ದೋಣಿಯನ್ನು ಮಗುಚಿ ಹಾಕಿದ್ದರು. ಅವಳು ಅದರ ಮೇಲೆ ಕೂತುಬಿಟ್ಟಳು. ನಾನು ಪಕ್ಕದಲ್ಲಿ ನಿಂತೆ. ಎದುರಿಗೆ ಹಿನ್ನೀರು ಒಂದು ಅಲೆಯೂ ಇಲ್ಲದೆ ಬಿದ್ದುಕೊಂಡಿತ್ತು.

"ಅವಳು ಅಂದಿದ್ದು ನಿಜವೇನೇ ಕ್ಲಾರಾ?"

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. "ನಿಜ ಅತ್ತಿಗೆ."

"ಎಲ್ಲಾರ ಮನೇಲೂ ಹಂಗೇನಾ?"

"ಅಣ್ಣ ಸಾಯೋವಾಗ್ಲೂ ಹಂಗೇ ಹೇಳಿದ್ರಿ. ಅಣ್ಣ ನಿಮ್ಮನ್ನೇ ನೋಡ್ತಿದ್ದ. ನೀವು ಕಿಟಕಿ ಆಚೆ ನೀರು ನೋಡ್ತಾ ಇದ್ರಿ."

ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಕೈ ತೆಗೆದು, "ಆವಾಗ್ಲೇ ಹೇಳ್ಬಾರ್ದಾಗಿತ್ತೇನೇ?" ಎಂದಳು.

"ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ," ಎಂದಳು. ಎದ್ದು ಸೆರಗು ಕೊಡವಿ, ಮನೆಯ ದಾರಿ ಬಿಟ್ಟು ಸೆಲೀನಳ ಮನೆಯ ಕಡೆಗೇ ಹಿಂದಿರುಗಿದಳು. ಬಿಂದಿಗೆ ಹೊತ್ತು ಬರುತ್ತಿದ್ದ ಜಸಿಂತಳನ್ನು ದಾರಿಯಲ್ಲೇ ನಿಲ್ಲಿಸಿ, "ನಾಳೆ ಶಾಲೆ ಬಿಟ್ಟ ಮೇಲೆ ನಮ್ಮನೆಗೆ ಬಾ. ಕೈಕಾಲು ತೊಳ್ಕೊಂಡು ಬಾ" ಎಂದಳು.

ಕಲಿಸುವುದು ನಮ್ಮ ಹಿತ್ತಿಲಿನ ಕಟ್ಟೆಯ ಮೇಲೆ ನಡೆಯಿತು. ಕೊಡುವವರು ಒಂದು ಮಾತು ಹೇಳುತ್ತಾರೆ, ತೆಗೆದುಕೊಳ್ಳುವವರು ಹೇಳುತ್ತಾರೆ. ಅದು ಗಟ್ಟಿಯಾದ ಮೇಲೆ ಮುಂದಿನದು. ಮೊದಲ ದಿನ ಹುಡುಗಿ ಮೊದಲ ಸಾಲನ್ನು ತಡವರಿಸದೆ ಒಪ್ಪಿಸಿದಳು. ಅತ್ತಿಗೆ "ಸರಿ" ಎಂದು ತಲೆಯಾಡಿಸಿದಳು. ಹುಡುಗಿ ಹೋದ ಮೇಲೆ ಅಕ್ಕಿ ತೊಳೆಯುತ್ತ ಎಂದಿನ ಹಾಗೆ ತುಟಿ ಅಲ್ಲಾಡಿಸತೊಡಗಿದ ಅತ್ತಿಗೆ ಅಲ್ಲೇ ನಿಂತಳು. ಅವಳ ಕೈ ಅಕ್ಕಿಯ ಪಾತ್ರೆಯಲ್ಲಿ ಹಾಗೇ ಇತ್ತು. ಆಮೇಲೆ ಎರಡನೆಯ ಸಾಲಿನಿಂದ ಶುರು ಮಾಡಿಕೊಂಡಳು. ಮಾರನೆಯ ದಿನ ಅದೂ ಹೋಯಿತು. ದಿನ ಕಳೆದಂತೆ ಅವಳ ಬಾಯಲ್ಲಿ ಉಳಿದ ಉತ್ತರ ಚಿಕ್ಕದಾಗುತ್ತ ಬಂತು, ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ನಾನು ಅವಳ ಕಡೆ ನೋಡದಿರಲು ಏನಾದರೊಂದು ಕೆಲಸ ಮಾಡಿಕೊಳ್ಳುತ್ತಿದ್ದೆ.

ಕಡೆಯ ಸಾಲು ಒಂದು ಉಳಿಯಿತು. ಅವರು ನಮ್ಮ ಗುರುತು ಹಿಡಿಯುತ್ತಾರೆ, ನಾವು ಅವರ ಗುರುತು ಹಿಡಿಯುತ್ತೇವೆ ಎಂಬ ಸಾಲು. ಅಲ್ಲಿಗೆ ಬಂದು ಅತ್ತಿಗೆ ನಿಂತುಬಿಟ್ಟಳು. ಹುಡುಗಿ ಬಂದರೆ ಕಲಿತದ್ದನ್ನೇ ಒಪ್ಪಿಸಿಕೊಂಡು, "ನಾಳೆ ಬಾ" ಎನ್ನುವಳು. ನಾಳೆಯೂ ಅದೇ. ಒಮ್ಮೆ ಹುಡುಗಿ ಮನೆಗೆ ಹೋಗದೆ ಕಟ್ಟೆಯ ಮೇಲೆಯೇ ಕೂತಳು.

"ಇನ್ನೂ ಸ್ವಲ್ಪ ಅದೆ ಅಲ್ವಾ ದೊಡ್ಡವ್ವ?"

"ಅದೆ."

"ಕಷ್ಟದ್ದಾ?"

"ಕಷ್ಟ ಏನಿಲ್ಲ ಕೂಸೇ. ಸಣ್ಣದು. ಅದು ನನ್ನ ಮಗನ್ದು."

ಹುಡುಗಿ ಯೋಚಿಸಿ, "ನಿಮ್ಮ ಮಗ ಹೆಂಗಿದ್ದ?" ಎಂದು ಕೇಳಿದಳು.

ಅತ್ತಿಗೆ ಬಾಯಿ ತೆರೆದಳು. ಮುಂಗೂದಲು ನೆಟ್ಟಗೆ ನಿಲ್ಲುತ್ತಿತ್ತು ಎಂದಳು. ಎಡಗಿವಿಯ ಹತ್ತಿರ ಸುಣ್ಣ ಸಿಡಿದು ಸುಟ್ಟ ಗುರುತಿತ್ತು ಎಂದಳು. ನಕ್ಕರೆ, ಎಂದು ಶುರು ಮಾಡಿ ಸುಮ್ಮನಾದಳು. ನನ್ನ ಕಡೆ ತಿರುಗಿ, "ಕ್ಲಾರಾ, ನಕ್ಕರೆ ಹೆಂಗೆ ಕಾಣ್ತಿದ್ದ ಅವನು?" ಎಂದಳು. ನನಗೂ ನೆನಪಾಗಲಿಲ್ಲ. ಇಷ್ಟು ವರ್ಷ ಆ ಸಾಲನ್ನು ಎಷ್ಟು ಸಲ ಹೇಳಿಕೊಂಡಿದ್ದಳೋ, ಆದರೆ ಮಗನ ಮುಖವನ್ನು ಯಾರ ಮುಂದೆಯೂ ವರ್ಣಿಸಿರಲಿಲ್ಲ, ಕೇಳಿದವರೂ ಇರಲಿಲ್ಲ. ಅವಳು ಹಣೆ ಒತ್ತಿಕೊಂಡು ಕೂತಳು. ಕಡೆಗೆ ಹುಡುಗಿಯೇ, "ಪರವಾಗಿಲ್ಲ ಬಿಡಿ ದೊಡ್ಡವ್ವ, ಅವನಿಗೆ ನಿಮ್ಮ ಗುರುತಿರ್ತದೆ" ಎಂದು ದೊಡ್ಡವರ ಹಾಗೆ ಹೇಳಿ ಎದ್ದು ಹೋದಳು.

ಈ ನಡುವೆ ಉಪದೇಶಿಗಳು ಬಂದು ಹೋದರು. "ಅರ್ಧ ಅಲ್ಲಿ, ಅರ್ಧ ಇಲ್ಲಿ ಇಟ್ಟಿದ್ದೀರಿ ತಾಯಿ. ನಿಮಗೆ ಏನಾದ್ರೂ ಆದ್ರೆ ಎರಡೂ ಕೆಲಸಕ್ಕೆ ಬರಕ್ಕಿಲ್ಲ" ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಅತ್ತಿಗೆ, "ಗೊತ್ತು" ಎಂದಷ್ಟೇ ಅಂದಳು.

ಪಾಸ್ಖ ಹಬ್ಬಕ್ಕೆ ಹಿಂದಿನ ಪವಿತ್ರ ವಾರದ ಬುಧವಾರ ಮಧ್ಯಾಹ್ನ ನಾವು ಗೂಡಿನ ಹತ್ತಿರ ಕೆಲಸದಲ್ಲಿದ್ದೆವು. ಜಸಿಂತ ಓಡಿ ಬಂದಳು. ಚಪ್ಪಲಿಯಿಲ್ಲದ ಕಾಲು, ಬಿಸಿ ಸುಣ್ಣದ ಪುಡಿಯ ಮೇಲೆ ನಿಂತದ್ದೂ ಅವಳಿಗೆ ಗೊತ್ತಾಗಲಿಲ್ಲ. "ಅವ್ವ ಮಾತಾಡ್ತಿಲ್ಲ" ಎಂದಳು. ಅತ್ತಿಗೆ ಅವಳನ್ನು ಎತ್ತಿ ಚಿಪ್ಪಿನ ರಾಶಿಯ ಈಚೆಗೆ ಇಳಿಸಿ, ಬಾಯಿಯ ಬಟ್ಟೆ ಕಳಚಿ ಅವಳ ಕಾಲೊರೆಸಿದಳು. ನಾವು ಮೂವರೂ ದೋಣಿಗಟ್ಟೆಯ ಕಡೆ ನಡೆದೆವು. ನಡೆಯುತ್ತಲೇ ಅತ್ತಿಗೆ ಹುಡುಗಿಯ ಭುಜ ಹಿಡಿದುಕೊಂಡು ಕಡೆಯ ಸಾಲು ಹೇಳಿಕೊಟ್ಟಳು. ಹುಡುಗಿ ಹೇಳಿದಳು. ಒಂದು ಮಾತು ತಪ್ಪಿತು. ಅತ್ತಿಗೆ ತಿದ್ದಿದಳು. ಬಿಸಿಲಿಗೆ ಬಿಳಿ ರಸ್ತೆ ಕಣ್ಣಿಗೆ ಹೊಡೆಯುತ್ತಿತ್ತು. ಇನ್ನೊಮ್ಮೆ ತಪ್ಪಿತು, ಇನ್ನೊಮ್ಮೆ ತಿದ್ದಿದಳು. ಸೆಲೀನಳ ಬಾಗಿಲು ಕಾಣುವ ಹೊತ್ತಿಗೆ ಹುಡುಗಿ ಇಡೀ ಸಾಲನ್ನು ಸರಾಗವಾಗಿ ಒಪ್ಪಿಸಿದಳು. ಅತ್ತಿಗೆ "ಸರಿ" ಎಂದಳು. ಆ ಒಂದು "ಸರಿ" ಹೇಳುವಾಗ ಅವಳ ಕಾಲು ತಡೆದದ್ದನ್ನು ಹಿಂದೆ ಬರುತ್ತಿದ್ದ ನಾನು ನೋಡಿದೆ.

ಒಳಗೆ ಫಾದರ್ ಕೊನೆಗಾಲದ ತೈಲ ಹಚ್ಚಿ ಮುಗಿಸಿದ್ದರು. ನೆರೆಯ ಹೆಂಗಸರು ಅತ್ತಿಗೆಗೆ ಮಂಚದ ಪಕ್ಕ ಜಾಗ ಬಿಟ್ಟರು. ಅವಳು ಕೂರಲಿಲ್ಲ. ಹುಡುಗಿಯನ್ನು ಮುಂದೆ ತಳ್ಳಿದಳು. ಜಸಿಂತ ತಾಯಿಯ ಕಿವಿಯ ಹತ್ತಿರ ಬಗ್ಗಿ, "ಅವ್ವ, ನಾನು" ಎಂದಳು. ಆಮೇಲೆ ಉತ್ತರ ಹೇಳಿದಳು, ಮೊದಲಿಂದ ಕಡೆಯವರೆಗೆ, ಶಾಲೆಯಲ್ಲಿ ಒಪ್ಪಿಸುವ ಹಾಗೆ ಕೈ ಕಟ್ಟಿಕೊಂಡು. ಎಳೆಯ ದನಿ. ಸೆಲೀನ ಕಣ್ಣು ತೆರೆದು ಮಗಳ ಮುಖವನ್ನೇ ನೋಡಿದಳು. ಹಣೆಯಿಂದ ಗಲ್ಲದವರೆಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಯಾವುದನ್ನೂ ಬಿಡದೆ ನೋಡಿದಳು. ಅಂದು ಸೂರ್ಯ ಇಳಿಯುವ ಮೊದಲೇ ಅವಳು ಹೋದಳು.

ಆಮೇಲಿನ ದಿನಗಳನ್ನು ನೆನೆದರೆ ಇವತ್ತಿಗೂ ನನಗೆ ಭಯವಾಗುತ್ತದೆ. ಅತ್ತಿಗೆ ಮನೆಗೆ ಬಂದವಳು ಹಾಸಿಗೆ ಬಿಟ್ಟು ಏಳಲಿಲ್ಲ. ದಾವೀದ ಹೋದ ವರ್ಷ ಒರಗಿ ಕೂತ ಹಾಗೆ ಅದೇ ಗೋಡೆಗೆ ಒರಗಿದಳು. "ಅದು ಹೆಂಗೆ ಶುರುವಾಗ್ತದೆ ಕ್ಲಾರಾ?" ಎಂದು ಕೇಳುವಳು. ಎಷ್ಟು ವರ್ಷ ಪಕ್ಕದಲ್ಲೇ ಕೇಳಿದವಳು ನಾನು, ಒಂದು ಮಾತೂ ನನ್ನ ನಾಲಿಗೆಗೆ ಸಿಗುತ್ತಿರಲಿಲ್ಲ. ತಾತ್ಪರ್ಯ ಹೇಳಿದರೆ, "ಅದು ನನಗೂ ಗೊತ್ತು. ಗೊತ್ತಿದ್ರೆ ಏನ್ ಬಂತು?" ಎಂದು ರೇಗುವಳು. ಒಂದು ಸಲ, "ನಿಮ್ಮವ್ವ ಇದನ್ನ ನನಗೆ ಕೊಟ್ಟು ಹೆಂಗೆ ತಡ್ಕೊಂಡ್ರೇ?" ಎಂದಳು. ಅವ್ವ ಉತ್ತರ ಕೊಟ್ಟ ಮೇಲೆ ಹೆಚ್ಚು ದಿನ ಬದುಕಲಿಲ್ಲ, ಬದುಕಿದಷ್ಟು ದಿನವೂ ಅಡುಗೆಮನೆಯಿಂದ ಬರುವ ಸೊಸೆಯ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದಳು. ಅದನ್ನು ಹೇಳಿದೆ. ಹೇಳುವಾಗ, ಬಾಗಿಲ ಆಚೆ ನಿಂತ ದಿನದಿಂದ ನನ್ನೊಳಗೆ ಗಂಟಾಗಿದ್ದದ್ದು ಸ್ವಲ್ಪ ಸಡಿಲಾಯಿತು. ಆ ಉತ್ತರ ನನ್ನ ಬಾಯಿಗೆ ಬಂದಿದ್ದರೆ ನಾನು ಅದನ್ನು ಹೀಗೆ ಕೈಯಾರೆ ಕೊಡುತ್ತಿದ್ದೆನೋ ಇಲ್ಲವೋ.

ಪಾಸ್ಖ ಹಬ್ಬಕ್ಕೆ ಅತ್ತಿಗೆ ದೇವಾಲಯಕ್ಕೆ ಬರಲಿಲ್ಲ. ಮರು ಭಾನುವಾರ ನಾನು ಸೀರೆ ಉಟ್ಟು ಹೊರಟಾಗ, "ನಾನು ಎದ್ದು ನಿಲ್ಲೋ ಪ್ರಶ್ನೆ ಯಾವುದೂ ಇಲ್ಲವಲ್ಲ. ನೀನು ಹೋಗು" ಎಂದಳು. ನಾನು ಒತ್ತಾಯ ಮಾಡಲಿಲ್ಲ.

ಉಪದೇಶಿಗಳು ಪ್ರಶ್ನೆ ಕೇಳುತ್ತ ಬಂದರು. ಜಪಮಾಲಮ್ಮ ಎದ್ದಳು, ರಾಯಪ್ಪ ಎದ್ದ. ನನ್ನ ಪ್ರಶ್ನೆ ಬಂದಾಗ ಎದ್ದು ಉಪವಾಸದ ದಿನಗಳನ್ನು ಒಪ್ಪಿಸಿ ಕೂತೆ. ಕೂರುವಾಗ ಹಿಂದಿನ ಬಾಗಿಲ ಹತ್ತಿರ ಅತ್ತಿಗೆ ನಿಂತಿರುವುದು ಕಂಡಿತು. ಮನೆಯ ಸೀರೆಯಲ್ಲೇ ಬಂದಿದ್ದಳು, ತಲೆ ಬಾಚಿರಲಿಲ್ಲ. ಜನ ಸರಿದು ಜಾಗ ಕೊಡಲು ಹೋದರೆ ಕೈಯಾಡಿಸಿ ಬೇಡವೆಂದಳು.

"ಸತ್ತವರು ಏನಾಗುತ್ತಾರೆ?" ಎಂದರು ಉಪದೇಶಿಗಳು.

ಮುಂದಿನ ಸಾಲಿನಲ್ಲಿ, ಬಿಳಿ ಮುಸುಕು ಹಾಕಿಕೊಂಡ ಮಕ್ಕಳ ನಡುವೆ ಜಸಿಂತ ಎದ್ದಳು. ನೆರೆಯವರು ಯಾರೋ ಅವಳ ಜಡೆ ಓರೆಯಾಗಿ ಹಾಕಿದ್ದರು. ಅವಳು ಪೀಠದ ಕಡೆ ತಿರುಗಿ ನಿಲ್ಲಬೇಕಿತ್ತು, ಹಾಗೆ ನಿಲ್ಲಲಿಲ್ಲ. ಹಿಂದಕ್ಕೆ ತಿರುಗಿ ಜನರ ತಲೆಗಳ ಮೇಲಿಂದ ಹುಡುಕಿದಳು. ಬಾಗಿಲ ಹತ್ತಿರ ನಿಂತವಳು ಕಂಡ ಮೇಲೆ ಶುರು ಮಾಡಿದಳು.

ನಾನು ಅತ್ತಿಗೆಯನ್ನೇ ನೋಡುತ್ತಿದ್ದೆ. ಮೊದಲ ಮಾತು ಕಿವಿಗೆ ಬಿದ್ದಾಗ ಅವಳ ತುಟಿ ಅಭ್ಯಾಸಕ್ಕೆ ಅಲುಗಿತು, ಹಿಡಿಯಲು ಏನೂ ಸಿಗದೆ ನಿಂತಿತು. ಆಮೇಲೆ ಅವಳು ಸುಮ್ಮನೆ ಕೇಳಿದಳು. ಇಷ್ಟು ವರ್ಷ ಆ ಉತ್ತರವನ್ನು ಅವಳು ಊರಿಗೆಲ್ಲ ಹೇಳಿದ್ದಳು. ಅವ್ವ ಕಲಿಸಿಕೊಟ್ಟ ಮೇಲೆ ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಇನ್ನೊಂದು ಬಾಯಿ ಇರಲಿಲ್ಲ. ಹುಡುಗಿ ಕಡೆಯ ಸಾಲಿಗೆ ಬಂದಾಗ ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಬಾಯಿಂದ ಒಂದು ಸದ್ದು ಹೊರಟಿತು, ಗಂಟಲಿನಿಂದ ಬಂದದ್ದಲ್ಲ, ಎಲ್ಲೋ ಕೆಳಗಿನಿಂದ. ದಾವೀದನ ದೋಣಿ ಸಿಕ್ಕಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಉಪದೇಶಿಗಳು ಮುಂದಿನ ಪ್ರಶ್ನೆ ಕೇಳದೆ ಕಾದರು. ಯಾರೂ ತಿರುಗಿ ನೋಡಲಿಲ್ಲ. ನಮ್ಮೂರಿನವರಿಗೆ ಅಷ್ಟು ಗೊತ್ತು.

ಎಲ್ಲ ಮುಗಿದು ಹೊರಗೆ ಬಂದಾಗ ಅತ್ತಿಗೆ ಮೆಟ್ಟಿಲ ಕೆಳಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದಳು. ಜಸಿಂತ ಮುಸುಕನ್ನು ಕೈಯಲ್ಲಿ ಮುದುರಿಕೊಂಡು ಅವಳ ಹತ್ತಿರ ಬಂದಳು.

"ಸರಿಯಾಗಿ ಹೇಳಿದ್ನಾ ದೊಡ್ಡವ್ವ?"

"ನನಗೇನು ಗೊತ್ತಾಗ್ತದೆ ಕೂಸೇ? ಅದೀಗ ನಿಂದು," ಎಂದಳು ಅತ್ತಿಗೆ. ಓರೆಯಾಗಿದ್ದ ಜಡೆಯನ್ನು ಬಿಚ್ಚಿ, ಅಲ್ಲೇ ದಾರಿಯಲ್ಲಿ ನಿಂತು, ಬೆರಳಿನಿಂದಲೇ ಬಾಚಿ ಹೊಸದಾಗಿ ಹೆಣೆಯತೊಡಗಿದಳು. "ನಡಿ, ಊಟಕ್ಕೆ ನಮ್ಮನೆಗೆ ಬಾ. ಹೋಗ್ತಾ ಇನ್ನೊಂದು ಸಲ ಹೇಳು, ಕೇಳ್ತೀನಿ."